ತೀರಿಹೋದ ಅಪ್ಪನ ಹೆಸರಿಗೆ ‘ಅಂತಿಮ ಜಪ್ತಿ ಆದೇಶ’ ಬಂದಿದೆ: ಅಸಲಿಯೋ ನಕಲಿಯೋ?

ಶನಿವಾರಸಂತೆ ಬೆಳೆಗಾರ
ಎಲ್ಲರಿಗೂ ನಮಸ್ಕಾರ. ನಾನು ಸಣ್ಣ ಕಾಫಿ ಬೆಳೆಗಾರ. ಅಪ್ಪ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ನಿನ್ನೆ ಅವರ ಹೆಸರಿಗೆ ಒಂದು ಲಕೋಟೆ ಬಂದಿದೆ. ಒಳಗೆ ಎರಡು ಹಾಳೆ. ಮೇಲೆ ಸಿಂಹದ ಲಾಂಛನ, ಅದರ ಪಕ್ಕದಲ್ಲಿ ತಕ್ಕಡಿ, ಅದರ ಕೆಳಗೆ ‘ಬೆಂಗಳೂರು ಹೈಕೋರ್ಟ್, ಸಾಲ ವಸೂಲಾತಿ ವಿಭಾಗ’ ಎಂದಿದೆ. ಅಪ್ಪ ಯಾವುದೋ ಫೈನಾನ್ಸ್ ಕಂಪನಿಯಿಂದ ವೈಯಕ್ತಿಕ ಸಾಲ ಪಡೆದಿದ್ದರಂತೆ, ಬಡ್ಡಿ ಸೇರಿ 2,86,500 ರೂಪಾಯಿ ಬಾಕಿಯಂತೆ. ಏಳು ದಿನದೊಳಗೆ ಪೊಲೀಸರೊಂದಿಗೆ ಬಂದು ಮನೆ, ತೋಟ, ಕೊಯ್ಲಾದ ಕಾಫಿ ಎಲ್ಲವನ್ನೂ ಜಪ್ತಿ ಮಾಡುತ್ತಾರಂತೆ, ವಾರಸುದಾರರನ್ನು ಬಂಧಿಸುತ್ತಾರಂತೆ. ‘ಆದೇಶ ತಡೆ ಶುಲ್ಕ’ ಎಂದು 18,400 ರೂಪಾಯಿಯನ್ನು ಹಾಳೆಯ ಕೆಳಗಿರುವ ಕ್ಯೂಆರ್ ಕೋಡಿಗೆ ಹಾಕಿದರೆ ಎಲ್ಲವೂ ನಿಲ್ಲುತ್ತದಂತೆ.

ಇದು ಮೋಸವಿರಬೇಕು ಎಂದು ನನಗೂ ಅನ್ನಿಸುತ್ತದೆ. ಆದರೆ ನಮ್ಮ ಜಮೀನಿನ ಸರ್ವೆ ನಂಬರು ಸರಿಯಾಗಿದೆ, ಅಪ್ಪನ ಹೆಸರು ಪಹಣಿಯಲ್ಲಿ ಇರುವಂತೆಯೇ ಇದೆ. ಅಮ್ಮ ರಾತ್ರಿ ನಿದ್ದೆ ಮಾಡಿಲ್ಲ. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಹಾಗೆಯೇ ಚೀಲಕ್ಕೆ ತುಂಬಿ ಚಿಕ್ಕಮ್ಮನ ಮನೆಗೆ ಸಾಗಿಸು ಎಂದು ಬೆಳಗ್ಗಿನಿಂದ ಹಟ ಹಿಡಿದಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ತೋಟದ ದಾರಿ
ಒಲೆಗೆ ಹಾಕಿ, ಕಾಫಿಗೆ ನೀರು ಕಾಯಿಸಿಕೊಳ್ಳಿ. ಇಂಥವು ನಮ್ಮ ಊರಿನಲ್ಲಿ ಮನೆಮನೆಗೆ ಬರುತ್ತಿವೆ.

ಮಡಿಕೇರಿ ನಿವೃತ್ತ ಕ್ಯಾಷಿಯರ್
ಒಲೆಗೆ ಹಾಕುವ ಅವಸರ ಬೇಡ. ನಕಲಿಯಾಗಿದ್ದರೆ ಅದೇ ಸಾಕ್ಷ್ಯ, ಅಸಲಿಯಾಗಿದ್ದರೆ ಅದರಲ್ಲಿರುವ ದಿನಾಂಕವೇ ನಿಮ್ಮ ಗಡುವು. ಲಕೋಟೆಯನ್ನೂ ಇಟ್ಟುಕೊಳ್ಳಿ. ತಮ್ಮಾ, ಕೆಲವು ವಿಷಯ ಹೇಳು: ಪ್ರಕರಣ ಸಂಖ್ಯೆ ಏನೆಂದು ಬರೆದಿದ್ದಾರೆ? ಸಹಿ ಯಾರದು? ಸಂಪರ್ಕಕ್ಕೆ ಕೊಟ್ಟಿರುವುದು ಕಚೇರಿಯ ಸ್ಥಿರ ದೂರವಾಣಿಯೋ ಮೊಬೈಲೋ? ಅಂಚೆಯಲ್ಲಿ ಹೇಗೆ ಬಂತು? ಸರ್ವೆ ನಂಬರ್ ಬಿಟ್ಟು ಉಳಿದದ್ದನ್ನು ಇಲ್ಲಿ ಬರೆ. ಹಾಳೆಯ ಫೋಟೋ ಹಾಕಬೇಡ, ಅದರಲ್ಲಿ ನಿಮ್ಮ ವಿಳಾಸವಿರುತ್ತದೆ.

ಶನಿವಾರಸಂತೆ ಬೆಳೆಗಾರ
ಸರ್, ಸಂಖ್ಯೆ ‘ಸಿ.ಸಿ. 1147’ ಎಂದಿದೆ, ವರ್ಷ ಹಾಕಿಲ್ಲ. ಸಹಿಯ ಕೆಳಗೆ ‘ಮುಖ್ಯ ವಸೂಲಿ ನ್ಯಾಯಾಧೀಶರು’ ಎಂದಿದೆ, ಹೆಸರಿಲ್ಲ. ನೇರಳೆ ಬಣ್ಣದ ದುಂಡು ಮೊಹರು ಇದೆ, ಆದರೆ ಬೆರಳಿನಿಂದ ಉಜ್ಜಿದರೂ ಒದ್ದೆ ಮಾಡಿದರೂ ಹರಡುವುದಿಲ್ಲ, ಹಾಳೆಯ ಜೊತೆಗೇ ಮುದ್ರಣವಾದಂತಿದೆ. ವಿಳಾಸದಲ್ಲಿ ‘ಕೊಡಗು ತಾಲ್ಲೂಕು’ ಎಂದು ಹಾಕಿದ್ದಾರೆ. ಫೋನ್ ಮೊಬೈಲ್ ಸಂಖ್ಯೆ. ಮಾಮೂಲಿ ಅಂಚೆಯಲ್ಲಿ ಬಂದಿದೆ, ಯಾರೂ ಸಹಿ ಹಾಕಿಸಿಕೊಂಡಿಲ್ಲ. ಹಣ ಹಾಕದೆ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾತ್ರ ಮಾಡಿ ನೋಡಿದೆ, ಯಾರೋ ಒಬ್ಬ ವ್ಯಕ್ತಿಯ ಹೆಸರು ತೋರಿಸಿತು.

ವಿರಾಜಪೇಟೆ ವಕೀಲೆ
ಇಷ್ಟು ವಿವರ ಕೊಟ್ಟಿದ್ದು ಒಳ್ಳೆಯದಾಯಿತು. ಇದು ನಕಲಿ. ಹೇಗೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಪತ್ರದಲ್ಲಿ ಇದೇ ತಪ್ಪುಗಳು ಇರುವುದಿಲ್ಲ.

ಹೈಕೋರ್ಟಿನಲ್ಲಿ ಸಾಲ ವಸೂಲಾತಿ ವಿಭಾಗ ಎಂಬುದಿಲ್ಲ. ಬ್ಯಾಂಕುಗಳ 20 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬಾಕಿ ಋಣ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತದೆ, ನಮಗೆ ಅದು ಬೆಂಗಳೂರಿನಲ್ಲಿದೆ. ಎರಡೂ ಮುಕ್ಕಾಲು ಲಕ್ಷದ ಸಾಲವಾದರೆ ದಾವೆ ಹೂಡುವುದು ಸಿವಿಲ್ ನ್ಯಾಯಾಲಯದಲ್ಲಿ. ಸಿ.ಸಿ. ಎಂದರೆ ಕ್ರಿಮಿನಲ್ ಪ್ರಕರಣದ ಸಂಖ್ಯೆ, ಜಪ್ತಿ ಬರುವುದು ಡಿಕ್ರಿ, ಎಂದರೆ ನ್ಯಾಯಾಲಯದ ತೀರ್ಪಿನ ಆದೇಶ, ಆದ ನಂತರ ಅದನ್ನು ಜಾರಿಗೊಳಿಸಲು ಹಾಕುವ ಅಮಲ್ಜಾರಿ ಅರ್ಜಿಯಲ್ಲಿ. ಎಂದರೆ ಮೊದಲು ದಾವೆ, ದಾವೆಯ ಪ್ರತಿಯೊಂದಿಗೆ ಸಮನ್ಸ್, ವಿಚಾರಣೆ, ಡಿಕ್ರಿ, ಆಮೇಲೆ ಅಮಲ್ಜಾರಿ. ಇಷ್ಟೆಲ್ಲ ಮೆಟ್ಟಿಲು ಹತ್ತದೆ ಇಂಥ ಸಾಲದ ಜಪ್ತಿ ಸಾಮಾನ್ಯವಾಗಿ ನೇರವಾಗಿ ಅಂಗಳಕ್ಕೆ ಬಂದು ಇಳಿಯುವುದಿಲ್ಲ. ಇಳಿದಾಗಲೂ ಅದನ್ನು ತರುವುದು ನ್ಯಾಯಾಲಯದ ಅಮೀನರು, ಕೈಯಲ್ಲಿ ವಾರಂಟ್ ಹಿಡಿದು. ಕಟ್ಟುವ ಹಣ ನ್ಯಾಯಾಲಯಕ್ಕೆ ಚಲನ್ ಮೂಲಕ ಹೋಗುತ್ತದೆ, ಯಾರದೋ ಹೆಸರಿನ ಯುಪಿಐ ಖಾತೆಗೆ ಅಲ್ಲ. ‘ಆದೇಶ ತಡೆ ಶುಲ್ಕ’ ಎಂಬುದು ನಾನು ವಕೀಲಿಕೆಗೆ ಬಂದ ಮೇಲೆ ಕೇಳಿದ ಅತ್ಯಂತ ತಮಾಷೆಯ ಶುಲ್ಕ.

ಪರೀಕ್ಷಿಸುವ ದಾರಿ ಸುಲಭ. ನ್ಯಾಯಾಲಯದಲ್ಲಿ ದಾಖಲಾದ ಪ್ರಕರಣಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಬಹುದು, ಸಂಖ್ಯೆ ಇಲ್ಲದಿದ್ದರೆ ಜಿಲ್ಲೆ ಮತ್ತು ನ್ಯಾಯಾಲಯವನ್ನು ಆರಿಸಿ ಪಕ್ಷಕಾರರ ಹೆಸರಿನಿಂದ ಹುಡುಕಬಹುದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಎಲ್ಲ ಅದರಲ್ಲಿವೆ. ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯ ಕಾಗುಣಿತದಲ್ಲಿ ಹಾಕಿ ನೋಡಿ. ಆ್ಯಪ್ ಬೇಡವೆಂದರೆ ಸೋಮವಾರಪೇಟೆ ನ್ಯಾಯಾಲಯದ ಕಚೇರಿಯಲ್ಲೇ ಕೇಳಿ. ಪತ್ರದಲ್ಲಿರುವ ಮೊಬೈಲಿಗೆ ಮಾತ್ರ ಕರೆ ಮಾಡಬೇಡಿ.

ಕಾಫಿ ಕಣದಲ್ಲೇ ಒಣಗಲಿ ಎಂದು ಅಮ್ಮನಿಗೆ ಹೇಳಿ. ಅರ್ಧ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಆಗುವ ನಷ್ಟ ಖಚಿತ, ಜಪ್ತಿ ಕಾಲ್ಪನಿಕ.

ತೋಟದ ದಾರಿ
ನಾನು ಹೇಳಿದ್ದೂ ಅದೇ ಅಲ್ಲವೇ ಮೇಡಂ? ನಕಲಿ ಎಂದ ಮೇಲೆ ಒಲೆಗೆ ಹಾಕಿದರೆ ಏನು ತಪ್ಪು?

ವಿರಾಜಪೇಟೆ ವಕೀಲೆ
ನಿಮ್ಮ ಧೈರ್ಯ ಮೆಚ್ಚುವಂಥದ್ದು, ಆದರೆ ನನ್ನ ಕಚೇರಿಗೆ ಅಳುತ್ತಾ ಬರುವವರಲ್ಲಿ ಹೆದರಿ ಹಣ ಕಟ್ಟಿದವರಿಗಿಂತ ಒಲೆಗೆ ಹಾಕಿದವರೇ ಹೆಚ್ಚು. ಸಮನ್ಸ್ ಬಂದಾಗ ಹಾಜರಾಗದಿದ್ದರೆ ನಿಮ್ಮ ವಾದ ಕೇಳದೆಯೇ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ರದ್ದುಪಡಿಸಲು ಡಿಕ್ರಿಯಾದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಮಾತ್ರ ತಿಳಿದುಬಂದ ದಿನದಿಂದ ಎಣಿಕೆ. ಸಮನ್ಸನ್ನೇ ಒಲೆಗೆ ಹಾಕಿದವರು ‘ನನಗೆ ತಿಳಿದಿರಲಿಲ್ಲ’ ಎಂದು ಹೇಳುವುದು ಹೇಗೆ?

ಆಸ್ತಿ ಅಡಮಾನವಿಟ್ಟ ಸಾಲವಾದರೆ ಇನ್ನೂ ಎಚ್ಚರ. ಸರ್ಫೇಸಿ ಕಾಯ್ದೆ 2002ರ ಪ್ರಕಾರ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿಯನ್ನು ವಶಕ್ಕೆ ಪಡೆಯಬಹುದು. ‘ಕೋರ್ಟಿನಲ್ಲಿ ಕೇಸೇ ಇಲ್ಲ, ಆದ್ದರಿಂದ ನಕಲಿ’ ಎಂಬ ತರ್ಕ ಅಲ್ಲಿ ನಡೆಯುವುದಿಲ್ಲ. ಅದರ 13(2)ನೇ ಕಲಂನ ನೋಟಿಸಿನಲ್ಲಿ ಬಾಕಿಯ ವಿವರ, ಅಡಮಾನದ ಆಸ್ತಿಯ ವಿವರ ಇರಬೇಕು, ಕಟ್ಟಲು 60 ದಿನ ಕೊಡಬೇಕು. ನೀವು ಆಕ್ಷೇಪಣೆ ಬರೆದರೆ 15 ದಿನದೊಳಗೆ ಉತ್ತರಿಸಬೇಕು. ವಶಪಡಿಸಿಕೊಂಡ ಮೇಲೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಕನ್ನಡದ್ದಾಗಿರಬೇಕು. ಅದರ ವಿರುದ್ಧ ನ್ಯಾಯಮಂಡಳಿಗೆ ಹೋಗಲು ನಿಮಗಿರುವುದು 45 ದಿನ. ಕೃಷಿ ಭೂಮಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ ನಿಜ. ಆದರೂ ಕಾಫಿ ತೋಟಗಳ ಮೇಲೆ ಬ್ಯಾಂಕುಗಳು ಇದೇ ಕಾಯ್ದೆಯಡಿ ಕ್ರಮ ಕೈಗೊಂಡಿವೆ, ಬೆಳೆಗಾರರ ಸಂಘಟನೆಗಳು ಅದನ್ನು ವಿರೋಧಿಸುತ್ತಾ ಬಂದಿವೆ. ಹಾಗಾಗಿ ‘ತೋಟ ಮುಟ್ಟುವಂತಿಲ್ಲ’ ಎಂದು ಕಾಲ ಮೇಲೆ ಕಾಲು ಹಾಕಿ ಕೂರಬೇಡಿ.

ಅಂಚೆಯವನು
ಒಂದು ಮಾತು ಸೇರಿಸುತ್ತೇನೆ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಲಕೋಟೆಯ ಮೇಲೆ ಬಾರ್‌ಕೋಡಿನೊಂದಿಗೆ 13 ಅಕ್ಷರ-ಅಂಕಿಗಳ ಸಂಖ್ಯೆ ಇದ್ದರೆ ಅಂಚೆ ಇಲಾಖೆಯ ಜಾಲತಾಣದಲ್ಲಿ ಅದು ಯಾವ ಊರಿನಲ್ಲಿ ಬುಕ್ ಆಯಿತೆಂದು ನೋಡಬಹುದು. ಬೆಂಗಳೂರಿನ ಕಚೇರಿಯ ಹೆಸರಿದ್ದು ಯಾವುದೋ ಉತ್ತರದ ಸಣ್ಣ ಊರಿನಲ್ಲಿ ಬುಕ್ ಆಗಿದ್ದರೆ ಯೋಚಿಸಿ. ಆದರೆ ಸ್ಪೀಡ್ ಪೋಸ್ಟಿನಲ್ಲಿ ಬಂದಿತೆಂದು ಪತ್ರ ಅಸಲಿಯಾಗುವುದಿಲ್ಲ. ಕೌಂಟರಿನಲ್ಲಿ ನಾವು ತೂಕ ನೋಡುತ್ತೇವೆ, ಒಳಗಿನ ಸತ್ಯ ನೋಡುವುದಿಲ್ಲ.

ಸಹಕಾರ ಸಂಘದ ಕಾರ್ಯದರ್ಶಿ
ನಮ್ಮಂಥ ವ್ಯವಸಾಯ ಸೇವಾ ಸಹಕಾರ ಸಂಘಗಳ, ಎಂದರೆ ವಿಎಸ್‌ಎಸ್‌ಎನ್‌ಗಳ ನೋಟಿಸಿನ ದಾರಿ ಬೇರೆ. ಸುಸ್ತಿದಾರರ ಮೇಲೆ ನಾವು ಹೋಗುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಂ ಪ್ರಕಾರ ಸಹಕಾರ ಇಲಾಖೆಯ ಮುಂದೆ. ಅಲ್ಲಿ ಆದ ತೀರ್ಪನ್ನು ಮಾರಾಟಾಧಿಕಾರಿಗಳು ಜಾರಿಗೊಳಿಸುತ್ತಾರೆ. ಅದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಾಣಿಸದಿದ್ದರೆ ‘ನಕಲಿ’ ಎಂದು ತೀರ್ಮಾನಿಸಬೇಡಿ, ಸಂಘಕ್ಕೆ ಬಂದು ಕೇಳಿ, ಇಲ್ಲವೇ ಮಡಿಕೇರಿಯ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು: ನಮ್ಮ ಅಸಲಿ ನೋಟಿಸು ನೋಡಲು ಬಡಕಲಾಗಿರುತ್ತದೆ. ಹಳೆಯ ನಮೂನೆಯ ನಕಲು ಪ್ರತಿ, ಖಾಲಿ ಜಾಗದಲ್ಲಿ ಪೆನ್ನಿನಿಂದ ತುಂಬಿದ ಹೆಸರು, ವಾರೆಯಾಗಿ ಬಿದ್ದ ಸೀಲು. ಬಣ್ಣದ ಲಾಂಛನ, ತಕ್ಕಡಿ, ಕೆಂಪು ಅಕ್ಷರದ ‘ಅಂತಿಮ’ ಇವೆಲ್ಲ ಮಾಡಲು ನಮಗೆ ಬಜೆಟ್ಟೇ ಇಲ್ಲ.

ಗೋಣಿಕೊಪ್ಪ ಅಂಗಡಿ
ನನ್ನದು ಅರ್ಧ ಅಸಲಿ ಅರ್ಧ ನಕಲಿ ಎನ್ನಬಹುದಾದ ಕತೆ. ಅಂಗಡಿಯ ಫ್ರಿಜ್ಜಿಗೆ ಪಡೆದ ಸಾಲ ನಿಜ, ಕೆಲವು ಕಂತು ಬಾಕಿ ಇದ್ದದ್ದೂ ನಿಜ. ಒಂದು ದಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಬಂತು. ದೆಹಲಿ ವಿಳಾಸದ ಕಾನೂನು ಸಂಸ್ಥೆಯ ಹೆಸರು, ಕೆಳಗೆ ‘ಬಂಧನ ಪೂರ್ವ ಸೂಚನೆ’, ಐಪಿಸಿ 420, ಠಾಣೆಯ ಹೆಸರು ಕೂಡ ಸರಿಯಾಗಿತ್ತು. ನಂತರ ಒಬ್ಬ ರಾತ್ರಿ ಒಂಬತ್ತು ಗಂಟೆಗೆ ಕರೆ ಮಾಡಿ, ನಾಳೆ ಅಂಗಡಿಯ ಮುಂದೆ ಜೀಪು ನಿಲ್ಲುತ್ತದೆ ಎಂದ. ನಾನು ಕಂಪನಿಯ ಶಾಖೆಗೇ ಹೋಗಿ ಕೇಳಿದೆ. ಸಾಲ ನಮ್ಮದೇ, ಆ ಏಜೆನ್ಸಿಯೂ ನಮ್ಮದೇ, ಆದರೆ ಆ ಬಂಧನದ ಕಾಗದ ನಮಗೆ ಗೊತ್ತಿಲ್ಲ ಎಂದರು! ಬಾಕಿಯನ್ನು ಶಾಖೆಯಲ್ಲೇ ಕಟ್ಟಿ ರಸೀದಿ ತಂದೆ. ಇಂಥದ್ದನ್ನು ಏನೆಂದು ಕರೆಯಬೇಕು?

ವಿರಾಜಪೇಟೆ ವಕೀಲೆ
ಇದೇ ಎಲ್ಲಕ್ಕಿಂತ ಅಪಾಯದ ಬಗೆ, ಏಕೆಂದರೆ ಮನಸ್ಸಿನಲ್ಲಿ ‘ಸಾಲ ಇರುವುದಂತೂ ನಿಜ’ ಎಂಬ ಅಳುಕಿರುತ್ತದೆ. ಸಾಲ ನಿಜವಾದ ಮಾತ್ರಕ್ಕೆ ವಸೂಲಿಯ ಕಾಗದ ನಿಜವಾಗುವುದಿಲ್ಲ. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಕಂತು ತಪ್ಪಿದ ಮಾತ್ರಕ್ಕೆ ಪೊಲೀಸರು ಬಂಧಿಸುವಂತಿಲ್ಲ. ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಪ್ರಕರಣವಾಗಬಹುದು. ಅದಕ್ಕೂ ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನಿಮಗೆ ನೋಟಿಸು ಬರಬೇಕು, ಕಟ್ಟಲು 15 ದಿನ ಸಿಗಬೇಕು. ಆ ನೋಟಿಸನ್ನು ಖಂಡಿತ ಕಡೆಗಣಿಸಬೇಡಿ. ಐಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈ ಪಿಡಿಎಫ್ ವೀರರು ಇನ್ನೂ ಹಳೆಯ 420 ಬಿಟ್ಟಿಲ್ಲ. ಪೊಲೀಸರು ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ರಾತ್ರಿ ಒಂಬತ್ತರ ಕರೆ ಇನ್ನೊಂದು ಉಲ್ಲಂಘನೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ ವಸೂಲಿಗಾರರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲ. ಕರೆಯ ದಾಖಲೆ, ಪಿಡಿಎಫ್ ಎಲ್ಲವನ್ನೂ ಜೋಡಿಸಿ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸಮಾಧಾನದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಇನ್ನೊಂದು ಬಗೆ ಬರುತ್ತದೆ: ಚೆನ್ನೈಯಿಂದಲೋ ಮುಂಬೈಯಿಂದಲೋ ‘ಮಧ್ಯಸ್ಥಗಾರ’ರ, ಎಂದರೆ ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರ್ಮಾನಿಸುವವರ, ನೋಟಿಸು. ನೋಡಲು ನಕಲಿಯಂತೆಯೇ ಇರುತ್ತದೆ, ಆದರೆ ಸಾಲದ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇರುವುದರಿಂದ ಅಸಲಿಯೂ ಆಗಿರಬಹುದು. ಕಂಪನಿ ತಾನೇ ಏಕಪಕ್ಷೀಯವಾಗಿ ಮಧ್ಯಸ್ಥಗಾರರನ್ನು ನೇಮಿಸುವುದಕ್ಕೆ ಆಕ್ಷೇಪಿಸಲು ಒಳ್ಳೆಯ ಆಧಾರವಿದೆ, ಆದರೆ ಆಕ್ಷೇಪಣೆಯನ್ನು ಬರೆದು ಕಳುಹಿಸಿದರೆ ತಾನೇ? ಹಾಗೆಯೇ, ನಿಮ್ಮ ಸಾಲವನ್ನು ಬ್ಯಾಂಕು ಆಸ್ತಿ ಪುನರ್‌ರಚನಾ ಕಂಪನಿಯೊಂದಕ್ಕೆ ಮಾರಿರಬಹುದು. ಕೇಳದ ಹೆಸರೆಂದು ತಳ್ಳಿಹಾಕದೆ, ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಆ ಹೆಸರಿದೆಯೇ ನೋಡಿ, ಮೂಲ ಬ್ಯಾಂಕಿನಲ್ಲಿ ಮಾರಾಟ ನಿಜವೇ ಎಂದು ಕೇಳಿ.

ನಾಪೋಕ್ಲು ಬಾಣೆ
ನಮ್ಮ ಒಕ್ಕದ (ಮನೆತನದ) ಜಮ್ಮಾ ಬಾಣೆಯ, ಎಂದರೆ ಪಾರಂಪರಿಕವಾಗಿ ಬಂದ ಕೂಡು ಜಮೀನಿನ, ಪಹಣಿಯಲ್ಲಿ ಬಹಳ ಮಂದಿಯ ಹೆಸರಿದೆ. ಒಬ್ಬರ ಸಾಲಕ್ಕೆ ಇಡೀ ಬಾಣೆ, ಮನೆತನದ ಮೂಲ ಮನೆಯಾದ ಐನ್‌ಮನೆ ಸಮೇತ ಹರಾಜು ಎಂದು ಮನೆತನದ ಹಿರಿಯರಾದ ಪಟ್ಟೇದಾರರಿಗೆ ಪತ್ರ ಬಂದು ಇಡೀ ಕುಟುಂಬ ಸಭೆ ಸೇರಿತ್ತು. ಹಾಗೆ ಮಾಡಲು ಬರುತ್ತದೆಯೇ ಅಕ್ಕ?

ವಿರಾಜಪೇಟೆ ವಕೀಲೆ
ಒಬ್ಬರ ಸ್ವಂತ ಸಾಲಕ್ಕೆ ಜಾರಿ ತಟ್ಟುವುದು ಅವರ ಹಿತಾಸಕ್ತಿಯ ಮಟ್ಟಿಗೆ ಮಾತ್ರ, ಜಾಮೀನು ಹಾಕದ, ಅಡಮಾನಕ್ಕೆ ಸಹಿ ಮಾಡದ ಉಳಿದವರ ಪಾಲಿಗೆ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೃಷಿಕರ ವಾಸದ ಮನೆ, ಉಳುಮೆಯ ಸಲಕರಣೆ, ದನಗಳಿಗೂ ಜಪ್ತಿಯಿಂದ ರಕ್ಷಣೆ ಕೊಡುತ್ತದೆ. ಮನೆಯನ್ನೇ ಅಡಮಾನವಿಟ್ಟಿದ್ದರೆ ಮಾತು ಬೇರೆ. ಪತ್ರದ ಜೊತೆಗೆ ಯಾವ ದಾಖಲೆ ಇತ್ತೆಂದು ನೋಡಿ ತಿಳಿಸಿ.

ಕುಶಾಲನಗರ ಸ್ವಸಹಾಯ
ನಮ್ಮ ಮಹಿಳಾ ಗುಂಪಿನವರಿಗೆ ಖಾಸಗಿ ಲೇವಾದೇವಿಗಾರರ ಹೆಸರಿನಲ್ಲಿ ‘ಮನೆಗೆ ಬೀಗ’ ಎಂಬ ಪತ್ರ ಅಂಟಿಸುತ್ತಿದ್ದಾರೆ. ಕೆಲವರು ಹೆದರಿ ತೋಟದ ಕಾರ್ಮಿಕರ ಲೈನ್‌ಮನೆ ಬಿಟ್ಟು ತವರಿಗೆ ಹೋಗಿದ್ದಾರೆ.

ವಿರಾಜಪೇಟೆ ವಕೀಲೆ
ಯಾರೂ ಮನೆ ಬಿಡಬೇಡಿ. ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ನಂತರ ಅದು ಕಾಯ್ದೆಯಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಅಂಟಿಸಿದ ಪತ್ರವನ್ನು ಗೋಡೆಯ ಮೇಲಿರುವಾಗಲೇ ಫೋಟೋ ತೆಗೆದು ಠಾಣೆಗೆ ದೂರು ಕೊಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸಲು ನ್ಯಾಯಾಲಯಕ್ಕೇ ಅಧಿಕಾರವಿಲ್ಲ, ಇನ್ನು ಬೀಗ ಹಿಡಿದು ಬರುವವರ ಮಾತೇಕೆ?

ಮಡಿಕೇರಿ ನಿವೃತ್ತ ಕ್ಯಾಷಿಯರ್
ಶನಿವಾರಸಂತೆಯ ತಮ್ಮನಿಗೆ ಎರಡು ಸಲಹೆ. ಅಪ್ಪ ನಿಜವಾಗಿ ಅಂಥ ಸಾಲ ಪಡೆದಿದ್ದರೋ ಎಂದು ಅವರ ಪಾಸ್‌ಬುಕ್ಕಿನಲ್ಲಿ ನೋಡು, ಸಾಲ ಜಮೆಯಾದದ್ದು, ಕಂತು ಕಡಿತವಾದದ್ದು ಎರಡೂ ಅಲ್ಲಿ ಕಾಣಬೇಕು. ಪಡೆದಿದ್ದರೆ ಸಾಲದ ಜೊತೆಗೆ ವಿಮೆ ಮಾಡಿಸಿದ್ದರೋ ಎಂದು ಕಂಪನಿಯಲ್ಲಿ ಕೇಳು, ವೈಯಕ್ತಿಕ ಸಾಲಕ್ಕೆ ಎಷ್ಟೋ ಕಡೆ ಸಾಲಗಾರನ ಜೀವ ವಿಮೆಯನ್ನೂ ಸೇರಿಸಿರುತ್ತಾರೆ. ಮಕ್ಕಳಿಗೆ ಆ ವಿಷಯ ತಿಳಿಯುವುದೇ ಇಲ್ಲ.

ಎರಡನೆಯದು, ‘ಸದ್ಯಕ್ಕೆ ಒಂದು ಸಾವಿರವಾದರೂ ಹಾಕಿ, ಸಮಯ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಹಾಕಬೇಡ, ‘ಸಾಲ ಇದೆ, ಕಟ್ಟುತ್ತೇನೆ’ ಎಂದು ಬರೆದೂ ಕೊಡಬೇಡ. ವಕೀಲರು ವಿವರಿಸಲಿ.

ವಿರಾಜಪೇಟೆ ವಕೀಲೆ
ಸರ್ ಹೇಳಿದ್ದು ಸರಿ. ಭದ್ರತೆಯಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಅವಧಿ. ಆ ಅವಧಿಯೊಳಗೆ ನೀವು ಬರೆದು ಒಪ್ಪಿಕೊಂಡರೆ ಅಥವಾ ಸ್ವಲ್ಪ ಹಣ ಕಟ್ಟಿದರೆ ಮೂರು ವರ್ಷ ಹೊಸದಾಗಿ ಆರಂಭವಾಗಬಹುದು. ವಾರಸುದಾರರಾಗಿ ನಿಮ್ಮ ಹೊಣೆ ಅಪ್ಪನಿಂದ ಬಂದ ಆಸ್ತಿಯ ಮೌಲ್ಯದಷ್ಟಕ್ಕೆ ಮಾತ್ರ. ನಿಮ್ಮ ಸ್ವಂತ ಗಳಿಕೆಗೆ ಅದು ತಟ್ಟುವುದಿಲ್ಲ, ನೀವೇ ಜಾಮೀನು ಹಾಕಿರದಿದ್ದರೆ. ಕಂಪನಿಗೆ ಬರೆಯುವುದಾದರೆ ಅದರ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಇಷ್ಟೇ ಬರೆಯಿರಿ: ‘ಈ ಬಾಕಿಯನ್ನು ನಾವು ಒಪ್ಪಿಲ್ಲ. ಸಾಲದ ಕರಾರಿನ ಪ್ರತಿ, ಖಾತೆಯ ಪೂರ್ಣ ವಿವರ, ಪ್ರಕರಣವಿದ್ದರೆ ನ್ಯಾಯಾಲಯದ ಹೆಸರು ಮತ್ತು ಸಂಖ್ಯೆ ಕಳುಹಿಸಿ.’ ಆಧಾರ್ ಪ್ರತಿ, ಅಮ್ಮನ ಬ್ಯಾಂಕ್ ಖಾತೆ ಯಾವುದನ್ನೂ ಲಗತ್ತಿಸಬೇಡಿ.

ಶನಿವಾರಸಂತೆ ಬೆಳೆಗಾರ
ಎಲ್ಲರಿಗೂ ಧನ್ಯವಾದ. ಇವತ್ತಿನ ಸುದ್ದಿ: ಸೋಮವಾರಪೇಟೆ ನ್ಯಾಯಾಲಯದಲ್ಲಿ ಅಪ್ಪನ ಹೆಸರಿನಲ್ಲಿ ಯಾವ ಪ್ರಕರಣವೂ ಇಲ್ಲ. ಆ್ಯಪ್‌ನಲ್ಲೂ ಇಲ್ಲ. ಫೈನಾನ್ಸ್ ಕಂಪನಿಯ ನಿಜವಾದ ಜಾಲತಾಣದಿಂದ ಸಂಖ್ಯೆ ಹುಡುಕಿ ಕರೆ ಮಾಡಿದೆ, ಆ ಸಾಲದ ಸಂಖ್ಯೆಯೇ ತಮ್ಮಲ್ಲಿಲ್ಲ ಎಂದರು, ಅದನ್ನು ಇಮೇಲಿನಲ್ಲಿ ಬರೆದೂ ಕೊಟ್ಟರು. ಪಾಸ್‌ಬುಕ್ಕಿನಲ್ಲೂ ಅಂಥ ಹಣ ಬಂದಿಲ್ಲ. ಠಾಣೆಗೆ ಎರಡೂ ಹಾಳೆ, ಲಕೋಟೆ ಕೊಟ್ಟು ಸ್ವೀಕೃತಿ ಪಡೆದೆ. ಹಣ ಹಾಕಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು, ಹಾಕದಿದ್ದುದರಿಂದ ಸೈಬರ್ ಅಪರಾಧ ಜಾಲತಾಣದಲ್ಲಿ ಕ್ಯೂಆರ್ ಕೋಡಿನ ವಿವರ ದಾಖಲಿಸಿದರೆ ಸಾಕು ಎಂದರು. ಕಾಫಿ ಕಣದಲ್ಲೇ ಇದೆ. ಅಮ್ಮ ಮಾತ್ರ ರಸ್ತೆಯಲ್ಲಿ ಜೀಪಿನ ಸದ್ದಾದರೆ ಇನ್ನೂ ಹೊರಗೆ ಬಂದು ನೋಡುತ್ತಾರೆ.

ಸರ್ವೆ ನಂಬರ್ ಅವರಿಗೆ ಹೇಗೆ ಸಿಕ್ಕಿತು ಎಂಬುದೊಂದು ಬಗೆಹರಿದಿಲ್ಲ. ಪಹಣಿ ತೆಗೆಸಿದಾಗ ಇನ್ನೊಂದು ಕಂಡಿತು: 11ನೇ ಕಾಲಂನಲ್ಲಿ ಅಪ್ಪ ಸಂಘದಿಂದ ಪಡೆದಿದ್ದ ಬೆಳೆ ಸಾಲ ಇನ್ನೂ ಹಾಗೆಯೇ ಇದೆ. ಅದನ್ನು ಅವರು ಬದುಕಿದ್ದಾಗಲೇ ತೀರಿಸಿದ್ದರು.

ಸಹಕಾರ ಸಂಘದ ಕಾರ್ಯದರ್ಶಿ
ಸರ್ವೆ ನಂಬರಿನ ಗುಟ್ಟು ದೊಡ್ಡದೇನಲ್ಲ. ಭೂಮಿ ಜಾಲತಾಣದಲ್ಲಿ ಊರು, ಸರ್ವೆ ನಂಬರ್ ಹಾಕಿ ಯಾರು ಬೇಕಾದರೂ ಪಹಣಿ ನೋಡಬಹುದು. ಮಾಲೀಕರ ಹೆಸರು, ವಿಸ್ತೀರ್ಣ, ಋಣ ಎಲ್ಲ ಅಲ್ಲಿದೆ. ನಿಮ್ಮ ಅಪ್ಪನ ಹೆಸರಿಗೇ ಪತ್ರ ಬಂದಿರುವುದು ನೋಡಿದರೆ ಪೌತಿ ಖಾತೆ, ಎಂದರೆ ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಲ್ಲವೆಂದು ಕಾಣುತ್ತದೆ.

ತೀರಿದ ಸಾಲ ಕಾಲಂನಲ್ಲಿ ಉಳಿದಿರುವುದು ನಮ್ಮ ಕಡೆ ಸಾಮಾನ್ಯ. ತೀರಿಸಿದ ರಸೀದಿ ಹಿಡಿದು ನಿಮ್ಮ ಸಂಘಕ್ಕೆ ಹೋಗಿ, ರಸೀದಿ ಸಿಗದಿದ್ದರೂ ಅವರ ಲೆಡ್ಜರಿನಲ್ಲಿ ಇರುತ್ತದೆ. ಬಾಕಿ ಇಲ್ಲವೆಂಬ ಪತ್ರ ಪಡೆದು ಋಣ ತೆಗೆಯಲು ಅರ್ಜಿ ಕೊಡಿ. ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು, ಶನಿವಾರಸಂತೆ ನಾಡಕಚೇರಿಯಲ್ಲೇ ವಿಚಾರಿಸಿ. ಎರಡೂ ಕೆಲಸವನ್ನು ಒಟ್ಟಿಗೆ ಹಿಡಿಯಿರಿ, ಕೊಯ್ಲು ಮುಗಿಯಲಿ ಎಂದು ಮುಂದೂಡಿದರೆ ಮಳೆಗಾಲ ಬಂದುಬಿಡುತ್ತದೆ.

ತೋಟದ ದಾರಿ
ಕಾರ್ಯದರ್ಶಿಗಳೇ, ನನ್ನ ಪಹಣಿಯನ್ನೂ ಈಗಷ್ಟೇ ನೋಡಿದೆ. 11ನೇ ಕಾಲಂನಲ್ಲಿ ಒಂದು ಬ್ಯಾಂಕಿನ ಹೆಸರಿದೆ, ಅದರಿಂದ ಕಳೆದ ವರ್ಷ ಬಂದ ಎರಡು ಕಾಗದ ನನ್ನ ಬಳಿ ಇಲ್ಲ. ಎಲ್ಲಿ ಹೋದವೆಂದು ಕೇಳಬೇಡಿ. ನಾಳೆ ಶಾಖೆಗೆ ಹೋದರೆ ಪ್ರತಿ ಕೊಡುತ್ತಾರೆಯೇ?

ವಿರಾಜಪೇಟೆ ವಕೀಲೆ
ಕೇಳಿದರೆ ಕೊಡುತ್ತಾರೆ. ಲಿಖಿತವಾಗಿ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ. ಮೇಲೆ 13(2) ಎಂದಿದ್ದರೆ ಅಲ್ಲಿಂದಲೇ ನನಗೆ ಕರೆ ಮಾಡಿ.